ಕೆಳಗಿನ ಖೋಲಿ

ಹೆಣ್ಣುಮಕ್ಕಳ ವಸತಿಗೃಹ, ವಿದ್ಯಾಪೀಠ
೪ ಜುಲೈ ೧೯೭೪

ದುಂಡಪ್ಪಣ್ಣನಿಗೆ ಗುರವ್ವನ ಶರಣಾರ್ಥಿ.

ಗಂಡಸರು ಒಳಗೆ ಬರುವಂತಿಲ್ಲವೆಂದು ನಿನ್ನನ್ನು ಗೇಟಿನಲ್ಲೇ ನಿಲ್ಲಿಸಿದರಲ್ಲ, ನೀನು ರಸ್ತೆಯ ತಿರುವಿನಲ್ಲಿ ಮರೆಯಾಗುವ ತನಕ ನಾನು ಕಟ್ಟೆಯ ಮೇಲೆ ಕುಳಿತೇ ಇದ್ದೆ. ಆಮೇಲೆ ಇಲ್ಲಿ ಕಸ ಗುಡಿಸುವ ರುಕ್ಮವ್ವ ಬಂದು ನನ್ನ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡಳು. "ಬಾರವಾ, ನಿನ್ನ ಖೋಲಿ ಮ್ಯಾಲ ಐತಿ" ಎಂದಳು. ಎಷ್ಟು ಮೇಲೆ ಎಂದು ಕೇಳಿದೆ. "ಮ್ಯಾಲ ಅಂದ್ರ ಮ್ಯಾಲ. ಅದರಾಚಿ ಕಾಗಿ ಕುಂದರತಾವ" ಎಂದು ನಕ್ಕಳು.

ಎರಡನೆಯ ಮಹಡಿ. ಮೂವತ್ತೆಂಟು ಮೆಟ್ಟಿಲು. ಗಾಬರಿಯಾಗಬೇಡ. ಕಿಟಕಿ ತೆರೆದರೆ ಬೇವಿನ ಮರದ ತುದಿ ಕಾಣುತ್ತದೆ, ಗಾಳಿಗೇನೂ ಕೊರತೆಯಿಲ್ಲ. ಕೆಳಗೆ ನೆಲಕ್ಕಿರುವ ಖೋಲಿ ಕೊಡಿ ಎಂದು ನಿನ್ನೆಯೇ ಅರ್ಜಿ ಬರೆದುಕೊಟ್ಟಿದ್ದೇನೆ. ವಾರದೊಳಗೆ ನೋಡೋಣ ಎಂದು ವಸತಿಗೃಹ ನೋಡಿಕೊಳ್ಳುವ ರೆಕ್ಟರ್ ಬಾಯಿಯವರು ಹೇಳಿದ್ದಾರೆ. ವಯಸ್ಸಾದವರು, ಮಾತು ಕಡಿಮೆ, ಕೆಟ್ಟವರಲ್ಲ.

ಊಟ ಚೆನ್ನಾಗಿದೆ. ಇತಿಹಾಸದ ಎಂ.ಎ. ತರಗತಿಯಲ್ಲಿ ನಾವು ಹುಡುಗಿಯರು ಮೂವರೇ. ಇಲ್ಲಿ ತಂಪು ಹವೆ, ನೀರಡಿಕೆಯೇ ಆಗುವುದಿಲ್ಲ ಎಂದು ಅವ್ವನಿಗೆ ಹೇಳು. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ನನ್ನ ಎರಡೂ ಕಾಲು ಹೋದಾಗಿನಿಂದ ಅವಳು ನನ್ನನ್ನು ಬಿಟ್ಟು ಒಂದು ದಿನವೂ ಇದ್ದವಳಲ್ಲ. ಅಂಗಡಿಯಲ್ಲಿ ಕುಳಿತು ಸುಮ್ಮನೆ ದಾರಿ ನೋಡುತ್ತಿರಬಹುದು.

ನಿನ್ನ ತಂಗಿ
ಗುರವ್ವ


ಜತ್ತ
೧೫ ಜುಲೈ ೧೯೭೪

ಚಿ. ಗುರವ್ವನಿಗೆ ದುಂಡಪ್ಪನ ಆಶೀರ್ವಾದ.

ನಿನ್ನೆ ಭಾನುವಾರ ಊರಿಗೆ, ಶೇಗಾಂವಕ್ಕೆ ಹೋಗಿ ನಿನ್ನ ಪತ್ರವನ್ನು ಅಂಗಡಿಯಲ್ಲೇ ಕುಳಿತು ಅವ್ವನಿಗೆ ಓದಿದೆ. ಗಿರಾಕಿಗಳು ನಿಂತಿದ್ದರೂ ಅವಳು ತಕ್ಕಡಿ ಕೆಳಗಿಟ್ಟು ಕೇಳಿದಳು. ಮಹಡಿ, ಮೆಟ್ಟಿಲುಗಳ ಸಾಲನ್ನು ನಾನು ಹಾರಿಸಿ ಓದಿದೆ. "ತಂಪ ಹವಾ ಐತೇನ? ಚಲೋ ಆತು. ಇಲ್ಲೆ ಬಿಸಲಾಗ ಕೂಸು ಬಾಡತಿತ್ತು" ಎಂದಳು. ಅವಳಿಗೆ ಸಮಾಧಾನವಾಯಿತು. ನನಗೂ.

ಅರ್ಜಿಯ ವಿಷಯ. ನಾನು ಒಂಬತ್ತು ವರ್ಷದಿಂದ ಕಚೇರಿಯಲ್ಲಿ ಕಾರಕೂನನಾಗಿ ಇದ್ದವನು, ನನ್ನ ಮಾತು ಕೇಳು. ಅರ್ಜಿಗೆ ಆವಕ ನಂಬರು ಹಾಕಿಸಿಕೋ. ನಂಬರಿಲ್ಲದ ಕಾಗದ ಕಚೇರಿಗೆ ಬಂದೇ ಇಲ್ಲವೆಂದು ಲೆಕ್ಕ. ನಕಲು ನಿನ್ನ ಹತ್ತಿರ ಇರಲಿ. ಇನ್ನೊಂದು ಮಾತು. ಅರ್ಜಿಯಲ್ಲಿ ಕಾಲಿನ ವಿಷಯವನ್ನು ಹೆಚ್ಚು ಎತ್ತಬೇಡ. "ಪ್ರಕೃತಿಯ ಕಾರಣದಿಂದ" ಎಂದಷ್ಟೇ ಬರೆ. ಯಾರೊಂದಿಗೂ ವಾದಕ್ಕೆ ಇಳಿಯಬೇಡ. ಸೀಟು ಸಿಕ್ಕಿದ್ದೇ ದೊಡ್ಡದು.

ದುಂಡಪ್ಪ


ವಸತಿಗೃಹ
೬ ಆಗಸ್ಟ್ ೧೯೭೪

ಅಣ್ಣನಿಗೆ,

ಆವಕ ನಂಬರು ಹಾಕಿಸಿದೆ. ೨೧೪. ಅದನ್ನು ಹಾಕುವ ಕಚೇರಿ ವಿದ್ಯಾಪೀಠದ ದೊಡ್ಡ ಕಟ್ಟಡದಲ್ಲಿದೆ, ಅದೂ ಮಹಡಿಯ ಮೇಲೆಯೇ. ನಾನು ಕೆಳಗೆ ನಿಂತು ಮೇಲೆ ಹೋಗುವವರನ್ನೆಲ್ಲ ನೋಡುತ್ತಿದ್ದೆ. ಕೊನೆಗೆ ಧೂಳಪ್ಪನೆಂಬ ಸಿಪಾಯಿ ಕಾಗದ ಇಸಿದುಕೊಂಡು ಹೋಗಿ ನಂಬರು ಹಾಕಿಸಿ ತಂದ. ಹೀಗೆ ಮೂರು ಸಲ ಆಯಿತು. ಮೂರು ಸಲವೂ "ವಿಚಾರಾಧೀನ" ಎಂಬುದೇ ಉತ್ತರ.

ನಮ್ಮ ಕಟ್ಟಡದಲ್ಲಿ ಕೆಳಗೆ ಆರು ಖೋಲಿಗಳಿವೆ. ಒಂದರಲ್ಲಿ ರೆಕ್ಟರ್ ಬಾಯಿಯವರ ವಾಸ, ಒಂದು ಅವರ ಕಚೇರಿ, ಒಂದು ಭೇಟಿಗೆ ಬಂದವರು ಕೂರುವ ಜಾಗ. ಎರಡನ್ನು ಅತಿಥಿಗಳಿಗೆಂದು ಇಟ್ಟಿದ್ದಾರೆ, ನಾನು ಬಂದಾಗಿನಿಂದ ಒಬ್ಬ ಅತಿಥಿಯೂ ಬಂದಿಲ್ಲ. ಆರನೆಯದರಲ್ಲಿ ಮುರಿದ ಮಂಚಗಳಿವೆ. ಮಂಚಗಳಿಗೆ ನನಗಿಂತ ಒಳ್ಳೆಯ ಖೋಲಿ ಸಿಕ್ಕಿದೆ ಎಂದು ರುಕ್ಮವ್ವನಿಗೆ ಹೇಳಿದೆ. ಅವಳು ನಗಲಿಲ್ಲ.

ಕಾಲಿನ ವಿಷಯ ಎತ್ತಬೇಡ ಎಂದು ಯಾಕೆ ಬರೆದೆ? ಕಾಲಿಗೆ ಕಬ್ಬಿಣದ ಪಟ್ಟಿ, ಕಂಕುಳಲ್ಲಿ ಎರಡು ಕೋಲು, ಇವು ಎತ್ತದಿದ್ದರೂ ಕಾಣುತ್ತವೆ. ನಾನು ನಡೆದರೆ ಅರ್ಧ ಕಟ್ಟಡಕ್ಕೆ ಸಪ್ಪಳ ಕೇಳುತ್ತದೆ. ನಿನಗೆ ನಾಚಿಕೆಯಾಗುತ್ತದೆಯೇ, ಅಣ್ಣಾ? ಸಾಲಿಯಿಂದ ಮನೆಗೆ ನನ್ನನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದಾಗ ನಿನಗೆ ನಾಚಿಕೆ ಇರಲಿಲ್ಲ.

ತರಗತಿ ಒಂದೂ ತಪ್ಪಿಸಿಲ್ಲ. ಅದನ್ನಾದರೂ ಅವ್ವನಿಗೆ ಓದು.

ಗುರವ್ವ


ಜತ್ತ
೨೬ ಆಗಸ್ಟ್ ೧೯೭೪

ಚಿ. ಗುರವ್ವನಿಗೆ,

ನಾಚಿಕೆ ಎಂಬ ಮಾತು ನೀನು ಬರೆಯಬಾರದಿತ್ತು. ಎರಡು ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಕೆಲವು ಮಾತಿಗೆ ಕಾರಣವಿರುತ್ತದೆ, ಎಲ್ಲವನ್ನೂ ಕಾಗದದಲ್ಲಿ ಬಿಡಿಸಿ ಬರೆಯಲಾಗುವುದಿಲ್ಲ. ಹೇಳಿದಷ್ಟು ಮಾಡು.

ತರಗತಿ ತಪ್ಪಿಸಿಲ್ಲ ಎಂದರೆ ಮೆಟ್ಟಿಲು ರೂಢಿಯಾಗುತ್ತಿದೆ ಎಂದಾಯಿತು. ಕೈಗೆ, ಹೆಗಲಿಗೆ ವ್ಯಾಯಾಮ ಬೇಕು ಎಂದು ಮೀರಜದ ಡಾಕ್ಟರೂ ಅಂದಿದ್ದರು, ನೆನಪಿದೆಯೇ? ಈ ವರ್ಷ ಹೀಗೇ ಸಾಗಿಸು. ಮುಂದಿನ ವರ್ಷ ಹಳಬಳಾಗುತ್ತೀ, ಆಗ ಕೇಳುವುದು ಸುಲಭ.

ಅವ್ವ ಶೇಂಗಾ ಹೋಳಿಗೆ ಮಾಡಿ ಕಳಿಸಿದ್ದಾಳೆ, ಪಾರ್ಸಲ್ ತಲುಪಿದ್ದಕ್ಕೆ ಬರೆ.

ದುಂಡಪ್ಪ


ಜತ್ತ
೨೭ ಅಕ್ಟೋಬರ್ ೧೯೭೪

ಗುರವ್ವಾ,

ಎರಡು ತಿಂಗಳ ಮೇಲಾಯಿತು, ನಿನ್ನದು ಒಂದು ಸಾಲೂ ಇಲ್ಲ. ಹೋಳಿಗೆ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ದಸರೆಗೆ ಬರುತ್ತೀ ಎಂದು ಅವ್ವ ಬಾಗಿಲಲ್ಲೇ ಇದ್ದಳು. ನಾನು ಎರಡು ಭಾನುವಾರ ನಿನ್ನ ಹಳೆಯ ಪತ್ರವನ್ನೇ ಹೊಸದೆಂದು ಓದಿದೆ. ಮೂರನೆಯ ಸಲ ಅವಳು, "ಇದು ಹೋದ ಸಲ ಓದಿದ್ದ ಅಲ್ಲೇನಪಾ?" ಎಂದಳು.

ಪರೀಕ್ಷೆಯ ಗಡಿಬಿಡಿ ಇರಬಹುದು ಎಂದುಕೊಂಡಿದ್ದೇನೆ. ಸಿಟ್ಟಿದ್ದರೆ ಅದನ್ನಾದರೂ ಬರೆ.

ದುಂಡಪ್ಪ


ವಸತಿಗೃಹ
೫ ನವೆಂಬರ್ ೧೯೭೪

ಅಣ್ಣನಿಗೆ,

ಈ ಪತ್ರವನ್ನು ಅವ್ವನಿಗೆ ಓದಬೇಡ.

ನಾನು ದವಾಖಾನೆಯಲ್ಲಿದ್ದೆ, ಒಂಬತ್ತು ದಿನ. ಮೂತ್ರಪಿಂಡಕ್ಕೆ ಸೋಂಕು ತಗುಲಿ ಚಳಿಜ್ವರ ಏರಿತ್ತು. ಅಣ್ಣನಿಗೆ ಬರೆಯುವ ಮಾತಲ್ಲ ಇದು, ಆದರೆ ಬರೆಯಲು ನನಗೆ ಬೇರೆ ಯಾರೂ ಇಲ್ಲ. ಡಾಕ್ಟರಮ್ಮ ಕೇಳಿದರು, "ದಿನಕ್ಕ ಎಷ್ಟು ನೀರು ಕುಡೀತೀ?" ಬೆಳಿಗ್ಗೆ ಒಂದು ಲೋಟ, ಊಟಕ್ಕೆ ಅರ್ಧ ಲೋಟ ಎಂದೆ. "ಯಾಕ?" ಎಂದರು. ಸಂಡಾಸು, ಬಚ್ಚಲು ಎಲ್ಲ ಕೆಳಗಿವೆ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು.

ನಾನು ಮೆಟ್ಟಿಲನ್ನು ಕಾಲಿನಿಂದ ಹತ್ತುವುದಿಲ್ಲ. ಕುಳಿತು, ಕೈ ಊರಿ, ಹಿಂದುಹಿಂದಕ್ಕೆ ಒಂದೊಂದೇ ಮೆಟ್ಟಿಲು ಏರುತ್ತೇನೆ. ಕೋಲುಗಳನ್ನು ಯಾರಾದರೂ ಹಿಡಿದುಕೊಂಡು ಬರಬೇಕು. ದಿನಕ್ಕೆ ಒಂದು ಸಲ ಇಳಿದು ಒಂದು ಸಲ ಏರಿದರೆ ಸಂಜೆ ಪುಸ್ತಕ ಹಿಡಿಯಲು ಬೆರಳು ಬಗ್ಗುವುದಿಲ್ಲ. ಎರಡು ಸಲ ಆಗದು. ಅದಕ್ಕೇ ನೀರು ಬಿಟ್ಟೆ. ನೀರಡಿಕೆಯಿಲ್ಲ ಎಂದು ಬರೆದದ್ದು ಅದು. ಬಂದು ಕರೆದುಕೊಂಡು ಹೋಗುತ್ತೀ ಎಂಬ ಹೆದರಿಕೆಗೆ ಉಳಿದದ್ದನ್ನು ಬರೆಯಲಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಭಾರವಾದದ್ದು. ದವಾಖಾನೆಯಿಂದ ಬಂದ ದಿನ ರೆಕ್ಟರ್ ಬಾಯಿಯವರು ಕರೆಸಿ, "ಕುಂದರವಾ" ಎಂದು ಕುರ್ಚಿ ತೋರಿಸಿದರು. "ನಾ ಏನ್ ಮಾಡ್ಲಿ ಹೇಳು? ನಿನ್ನ ಅರ್ಜಿ ಮೂರು ಸಲ ಮ್ಯಾಲ ಕಳಿಸೀನಿ. ಮೂರೂ ಸಲ ಇದನ್ನ ತೋರಿಸಿ ತಿರುಗಿ ಕಳಿಸ್ಯಾರ" ಎಂದು ಒಂದು ಕಾಗದ ಮುಂದಿಟ್ಟರು. ಪಾಲಕರ ಮುಚ್ಚಳಿಕೆ. "ನನ್ನ ತಂಗಿಗೆ ಕಾಲಿನಲ್ಲಿ ಅಲ್ಪ ದೋಷವಿದ್ದರೂ ಮೆಟ್ಟಿಲು ಹತ್ತಿ ಇಳಿಯಲು ಸಂಪೂರ್ಣ ಸಮರ್ಥಳಿದ್ದು, ಯಾವ ವಿಶೇಷ ಸವಲತ್ತನ್ನೂ ಬೇಡುವುದಿಲ್ಲ."

ಕೆಳಗಿನ ಸಹಿ ಓದುವ ಅಗತ್ಯವೇ ಬೀಳಲಿಲ್ಲ. ನನಗೆ ಅಕ್ಷರ ಕಲಿಸಿದ ಕೈಬರಹ ಅದು.

"ನಿಮ್ಮ ಅಣ್ಣಾರಽ ಬರಕೊಟ್ಟಾರಲ್ಲ" ಎಂದರು ಬಾಯಿಯವರು. ಹೌದ್ರಿ ಎಂದೆ. ಎದ್ದು ಮೆಟ್ಟಿಲ ಹತ್ತಿರ ಬಂದು ಕುಳಿತು ಏರತೊಡಗಿದೆ.

ಅಲ್ಪ ದೋಷ ಎಂದು ನೀನು ಹೇಗೆ ಬರೆದೆ?

ಗುರವ್ವ


ಜತ್ತ
೧೮ ನವೆಂಬರ್ ೧೯೭೪

ಗುರವ್ವಾ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯದೆ ಕಳಿಸುತ್ತೇನೆ.

ಜೂನ್‌ನಲ್ಲಿ ಫಾರ್ಮು ಕೊಡಲು ನಾನೊಬ್ಬನೇ ಬಂದಿದ್ದೆನಲ್ಲ. ಅಲ್ಲಿಯ ಗುಮಾಸ್ತ ಒಳ್ಳೆಯ ಮನುಷ್ಯ. ನನ್ನನ್ನು ಬದಿಗೆ ಕರೆದು, "ಸಾಹೇಬ್ರ, ಕಾಲಿಲ್ಲ ಅಂತ ಬರದ್ರ ಈ ಫಾರ್ಮು ಬ್ಯಾರೆ ಗಂಟಿಗೆ ಹೋಗತೈತಿ. ಆ ಗಂಟು ಯಾರೂ ಬಿಚ್ಚೂದಿಲ್ಲ. ಹಿಂಗ ಬರಕೊಡ್ರಿ" ಎಂದ. ಅವನು ಹೇಳಿದ, ನಾನು ಬರೆದೆ. ಬಿಚ್ಚದ ಗಂಟು ಎಂದರೇನು ಎಂದು ನನಗೆ ಯಾರೂ ಹೇಳಬೇಕಿಲ್ಲ. ನನ್ನ ಮೇಜಿನ ಹಿಂದಿನ ಕಪಾಟಿನಲ್ಲೂ ಅಂಥದ್ದಿದೆ, ಅದನ್ನು ಕಟ್ಟಿದವನು ನಾನೇ.

ಒಳಗೆ ಹೋದ ಮೇಲೆ ಹೇಗೋ ಸರಿಹೋಗುತ್ತದೆ ಎಂದುಕೊಂಡೆ. ನೀನು ಕಾಲಿನ ವಿಷಯ ಎತ್ತಿದರೆ ನನ್ನ ಸುಳ್ಳು ಹೊರಬಿದ್ದು ನಿನ್ನನ್ನೇ ಹೊರಗೆ ಹಾಕುತ್ತಾರೆಂದು ಹೆದರಿದೆ. ನೀನು ಮೇಲೆ ಏರುವ ರೀತಿಯನ್ನು ನಾನು ಒಂದು ಸಲವೂ ಕಲ್ಪಿಸಿಕೊಳ್ಳಲಿಲ್ಲ. ಗಾಳಿ ಇದೆ ಎಂದು ನೀನು ಬರೆದಿದ್ದೆ, ನಾನು ಆ ಗಾಳಿಯ ಮಾತನ್ನಷ್ಟೇ ಹಿಡಿದುಕೊಂಡೆ.

ಇದರೊಳಗೆ ಇನ್ನೊಂದು ಕಾಗದವಿದೆ. ಮೊದಲು ಬರೆದುಕೊಟ್ಟದ್ದು ಸುಳ್ಳು, ಅದನ್ನು ಹಿಂದಕ್ಕೆ ಪಡೆಯುತ್ತೇನೆ, ತಪ್ಪು ನನ್ನದು, ತಂಗಿಯದಲ್ಲ ಎಂದು ಬರೆದು ಸಹಿ ಮಾಡಿದ್ದೇನೆ. ಇದನ್ನು ಕೊಟ್ಟರೆ ಕೆಳಗೆ ಖೋಲಿ ಕೊಡಬಹುದು, ಇಲ್ಲವೇ ವಸತಿಗೃಹದಿಂದಲೇ ತೆಗೆಯಬಹುದು. ಕೊಡುವುದು ಬಿಡುವುದು ನಿನಗೆ ಸೇರಿದ್ದು. ಈ ಸಲ ನಾನು ನಿನ್ನ ಪರವಾಗಿ ತೀರ್ಮಾನ ಮಾಡುವುದಿಲ್ಲ.

ನೀರು ಕುಡಿ, ತಂಗೀ.

ದುಂಡಪ್ಪ


ವಸತಿಗೃಹ
೨೦ ಡಿಸೆಂಬರ್ ೧೯೭೪

ಅಣ್ಣನಿಗೆ,

ನಿನ್ನ ಕಾಗದವನ್ನು ಎರಡು ವಾರ ಪುಸ್ತಕದಲ್ಲಿಟ್ಟುಕೊಂಡು ತಿರುಗಿದೆ. ಕೊಡಲು ಧೈರ್ಯ ಬರಲಿಲ್ಲ. ಕೊನೆಗೆ ಕೊಟ್ಟದ್ದೂ ಧೈರ್ಯದಿಂದಲ್ಲ.

ಡಿಸೆಂಬರ್ ಮೂರರ ಮಧ್ಯಾಹ್ನ ತರಗತಿ ಮುಗಿಸಿ ಬಂದು ಮೊದಲ ಮೆಟ್ಟಿಲ ಮೇಲೆ ಕುಳಿತೆ. ಕೈ ಊರಿದೆ. ಮೈ ಏಳಲಿಲ್ಲ. ನೋವೇನೂ ಇರಲಿಲ್ಲ, ಅಳುವೂ ಬರಲಿಲ್ಲ. ಸಾಕಾಗಿತ್ತು, ಅಷ್ಟೇ. ಎದ್ದು ಭೇಟಿಗೆ ಬಂದವರು ಕೂರುವ ಖೋಲಿಗೆ ಹೋಗಿ ಅಲ್ಲಿಯ ಬೆಂಚಿನ ಮೇಲೆ ಮಲಗಿಬಿಟ್ಟೆ. ರುಕ್ಮವ್ವ ಬಂದು, "ಯವ್ವಾ, ಇಲ್ಲಿ ಮಲಗಬಾರದ" ಎಂದಳು. "ಗೊತ್ತೈತಿ" ಎಂದೆ. ಅವಳು ಮೇಲೆ ಹೋಗಿ ನನ್ನ ಕೌದಿ ತಂದು ಹೊದಿಸಿದಳು.

ಸಂಜೆ ರೆಕ್ಟರ್ ಬಾಯಿಯವರು ಬಂದು ನಿಂತರು. "ಇದೇನ ಹಟ?"

"ಹಟ ಅಲ್ರಿ ಬಾಯಾರ. ಹತ್ತಾಕ ಆಗವಲ್ದು."

"ನಾಳೆ?"

"ನಾಳೆನೂ ಆಗೂದಿಲ್ರಿ."

ಆಗ ನಿನ್ನ ಕಾಗದ ತೆಗೆದು ಅವರ ಕೈಗೆ ಕೊಟ್ಟೆ. ಅಲ್ಲೇ ನಿಂತು ಓದಿದರು. "ನಿಮ್ಮ ಅಣ್ಣಗ ಇದರಿಂದ ತೊಂದರಿ ಆಗಬಹುದು, ಗೊತ್ತೈತೇನು?" ಎಂದರು. ಗೊತ್ತಿದ್ದೇ ಬರೆದಿದ್ದಾನೆ ಎಂದೆ. ಕಾಗದ ಮಡಚಿಕೊಂಡು ಹೋದರು.

ಹನ್ನೊಂದು ದಿನ ಆ ಬೆಂಚಿನ ಮೇಲೆಯೇ ಇದ್ದೆ. ಯಾರದೋ ತಂದೆ, ಯಾರದೋ ಮಾವ ಭೇಟಿಗೆ ಬಂದಾಗ ಎದ್ದು ಮೂಲೆಗೆ ಸರಿದು ಕುಳಿತೆ. ಹುಡುಗಿಯರು ಊಟ ತಂದರು. ಕೆಲವರು ಮುಖ ತಿರುಗಿಸಿದರು, ಅವರ ಮನೆಯವರಿಗೆ ಕೂರಲು ಜಾಗವಿಲ್ಲದಂತೆ ಮಾಡಿದ್ದೆನಲ್ಲ. ಹನ್ನೆರಡನೆಯ ದಿನ ಧೂಳಪ್ಪ ಬಂದು ಆರನೆಯ ಖೋಲಿಯ ಮುರಿದ ಮಂಚಗಳನ್ನು ಹೊರಗೆ ಎಳೆದು ಹಾಕಿದ. ಆದೇಶದಲ್ಲಿ "ತಾತ್ಪೂರ್ತಿಕ, ಈ ವರ್ಷದ ಪರೀಕ್ಷೆ ಮುಗಿಯುವವರೆಗೆ ಮಾತ್ರ" ಎಂದಿದೆ. ಇರಲಿ.

ಖೋಲಿಗೆ ಹೋದ ಮೇಲೆ ಓದಲು ಕುಳಿತುಕೊಳ್ಳುತ್ತೇನೆ ಎಂದುಕೊಂಡಿದ್ದೆ. ಮಲಗಿದೆ. ಎರಡು ದಿನ ಬರೀ ನಿದ್ದೆ ಮಾಡಿದೆ. ಮೊದಲ ಸಲ ತರಗತಿ ತಪ್ಪಿತು. ಇಷ್ಟು ದಣಿದಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

ನಿನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಬೇಡ. ಸಿಟ್ಟು ಮಾಡಿಕೊಳ್ಳಲು ಬೇಕಾದ ಶಕ್ತಿಯೂ ಈಗಿಲ್ಲ.

ಗುರವ್ವ


ಜತ್ತ
೮ ಜನವರಿ ೧೯೭೫

ಚಿ. ಗುರವ್ವನಿಗೆ,

ಖೋಲಿ ಸಿಕ್ಕ ಸುದ್ದಿಯನ್ನಷ್ಟೇ ಅವ್ವನಿಗೆ ಹೇಳಿದೆ. "ಮೊದಲಿನ ಖೋಲಿಗಿ ಏನಾಗಿತ್ತು?" ಎಂದಳು. ಬಿಸಿಲು ಬೀಳುತ್ತಿತ್ತು ಎಂದೆ. ತಂಪು ಹವೆ ಅಂದಿದ್ದೆಯಲ್ಲ ಎಂದು ಕೇಳಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದಳು.

ಸಂಕ್ರಾಂತಿಗೆ ನಾನೇ ಬಂದು ನಿನ್ನನ್ನು ನೋಡಬೇಕೆಂದಿದ್ದೆ. ರಜೆ ಮಂಜೂರಾಗಲಿಲ್ಲ. ಫೆಬ್ರುವರಿಯಲ್ಲಿ ನೋಡುತ್ತೇನೆ.

ದುಂಡಪ್ಪ


ವಸತಿಗೃಹ
೧೨ ಏಪ್ರಿಲ್ ೧೯೭೫

ಅಣ್ಣನಿಗೆ,

ಪರೀಕ್ಷೆ ಮುಗಿಯಿತು, ಚೆನ್ನಾಗಿ ಬರೆದಿದ್ದೇನೆ. ರಜೆಗೆ ನಾನು ಊರಿಗೆ ಬರುವುದಿಲ್ಲ.

ಖೋಲಿ ಬಿಟ್ಟು ಹೋದರೆ ಜೂನ್‌ನಲ್ಲಿ ಅದರೊಳಗೆ ಮತ್ತೆ ಮಂಚಗಳಿರುತ್ತವೆ, ಇಲ್ಲವೇ ಬೇರೆ ಯಾರೋ ಇರುತ್ತಾರೆ. ನಾನು ಮತ್ತೆ ೨೧೪ರಿಂದ ಸುರು ಮಾಡಬೇಕು. ಅದು ನನ್ನಿಂದಾಗದು. ಎಲ್ಲರೂ ಟ್ರಂಕು ಕಟ್ಟಿಕೊಂಡು ಹೋದರು. ಅಡುಗೆಮನೆ ಮುಚ್ಚುತ್ತದೆ, ರುಕ್ಮವ್ವ ತನ್ನ ಮನೆಯಿಂದ ರೊಟ್ಟಿ ತಂದುಕೊಡುತ್ತಾಳಂತೆ. ಎರಡು ತಿಂಗಳು ಬಾಗಿಲು ಹಿಡಿದುಕೊಂಡು ಇಲ್ಲೇ ಕೂರುತ್ತೇನೆ. ಅವ್ವನಿಗೆ ಏನು ಸುಳ್ಳು ಹೇಳಬೇಕೋ ನೀನೇ ನೋಡು.

ನೀನು ಫೆಬ್ರುವರಿಯಲ್ಲೂ ಬರಲಿಲ್ಲ, ಮಾರ್ಚಿನಲ್ಲೂ ಬರಲಿಲ್ಲ. ರಜೆ ಸಿಗದ್ದಕ್ಕಲ್ಲ ಎಂದು ನನಗೆ ಗೊತ್ತು.

ಗುರವ್ವ


ಜತ್ತ
೨೮ ಏಪ್ರಿಲ್ ೧೯೭೫

ಗುರವ್ವಾ,

ಹೌದು, ರಜೆ ಕೇಳಿಯೇ ಇರಲಿಲ್ಲ. ಗೇಟಿನಲ್ಲಿ ನಿಂತು ನಿನ್ನ ಮುಖ ನೋಡುವುದು ನನ್ನಿಂದಾಗುತ್ತಿರಲಿಲ್ಲ.

ಅವ್ವನಿಗೆ ಹೇಳಲು ಸುಳ್ಳು ಉಳಿದಿರಲಿಲ್ಲ. ನಿನ್ನೆ ನಿನ್ನ ಪತ್ರಗಳನ್ನೆಲ್ಲ ತೆಗೆದುಕೊಂಡು ಹೋಗಿ, ಅಂಗಡಿಯ ಬಾಗಿಲು ಮುಂದೆ ಮಾಡಿ, ಮೊದಲಿನಿಂದ ಒಂದು ಸಾಲೂ ಬಿಡದೆ ಓದಿದೆ. ದವಾಖಾನೆಯ ಪತ್ರವನ್ನು ಓದಿದೆ, ನನ್ನ ಮುಚ್ಚಳಿಕೆಯ ಸಾಲನ್ನೂ ಓದಿದೆ. ಮುಗಿದ ಮೇಲೆ ಕೇಳಿದಳು, "ಅಲ್ಲಿ ಹೆಣಮಕ್ಕಳನ್ನ ಒಳಗ ಬಿಡತಾರಿಲ್ಲೋ?" ಬಿಡುತ್ತಾರೆ ಎಂದೆ. "ಹಂಗಾರ ನನ್ನ ಬಸ್ಸಿಗಿ ಹಾಕು."

ಅಂಗಡಿಯ ಕೀಲಿಯನ್ನು ಕಾಕಾನ ಮಗ ರೇವಪ್ಪನ ಕೈಗೆ ಕೊಟ್ಟಿದ್ದಾಳೆ. ಮೂವತ್ತು ವರ್ಷದಲ್ಲಿ ಆ ಕೀಲಿ ಬೇರೆಯವರ ಕೈಗೆ ಹೋದದ್ದು ಇದೇ ಮೊದಲು. ಗುರುವಾರ ಹೊರಡುತ್ತಾಳೆ. ನೀನೂ ಬಾ ಎಂದು ನನ್ನನ್ನು ಕರೆಯಲಿಲ್ಲ. ನಾನೂ ಕೇಳಲಿಲ್ಲ.

ದುಂಡಪ್ಪ


ವಸತಿಗೃಹ
೨೬ ಮೇ ೧೯೭೫

ಅಣ್ಣನಿಗೆ,

ಅವ್ವ ಬಂದು ಇಪ್ಪತ್ತೈದು ದಿನವಾಯಿತು. ಬಂದ ದಿನ ಗಂಟು ಕೆಳಗಿಟ್ಟವಳು ನೀರೂ ಕುಡಿಯದೆ, "ಯಾವ ಪಾವಟಿಗಿ?" ಎಂದು ಕೇಳಿದಳು. ಮೆಟ್ಟಿಲು ತೋರಿಸಿದೆ. ಒಬ್ಬಳೇ ಹತ್ತಿಹೋದಳು. ಬಹಳ ಹೊತ್ತು ಬರಲಿಲ್ಲ. ಇಳಿದು ಬಂದವಳೇ ನನ್ನ ಎರಡೂ ಅಂಗೈಗಳನ್ನು ಬಿಡಿಸಿ ನೋಡಿದಳು, ಎಣ್ಣೆ ಹಚ್ಚಿದಳು. ನಿನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಹೋದ ವಾರ ಧೂಳಪ್ಪ ಕೀಲಿಗೊಂಚಲು ಹಿಡಿದು ಬಂದ. "ತಾಯಿ, ಖೋಲಿ ಖಾಲಿ ಮಾಡಬೇಕಂತ ಆರ್ಡರ್ ಐತ್ರಿ. ಸುಣ್ಣಾ ಹಚ್ಚತಾರ."

ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆದುಕೊಂಡು ಎದ್ದಳು. "ಯಾರ ಸಹಿ ಐತಪಾ ಅದರ ಮ್ಯಾಲ?" ಎಂದು ಕೇಳಿ, ನೇರ ರೆಕ್ಟರ್ ಬಾಯಿಯವರ ಬಾಗಿಲಿಗೆ ಹೋದಳು. ನಾನು ಕೋಲು ಹುಡುಕಿಕೊಂಡು ಹೋಗುವಷ್ಟರಲ್ಲಿ ಮಾತು ನಡೆದೇ ಇತ್ತು. ಅವ್ವ ಕೇಳುತ್ತಿದ್ದಳು, "ಬಾಯಾರ, ನೀವು ಯಾಕ ಮ್ಯಾಲ ಇರೂದಿಲ್ರಿ? ಅಲ್ಲಿ ಗಾಳಿ ಭಾಳ ಚಲೋ ಐತಿ."

ಬಾಯಿಯವರು, "ಮೊಣಕಾಲು ನೋಯತಾವ್ರಿ, ಹತ್ತಾಕ ಆಗೂದಿಲ್ಲ" ಎಂದರು. ಹೇಳಿದ ಮೇಲೆ ನನ್ನ ಕೋಲುಗಳ ಕಡೆ ನೋಡಿದರು.

ಅವ್ವ ಗೆದ್ದವಳಂತೆ ಮಾಡಲಿಲ್ಲ. "ಎಷ್ಟ ವರ್ಷ ಆತ್ರಿ ನೋವು?" ಎಂದು ಕೇಳಿದಳು. ಆರು ವರ್ಷ ಎಂದರು ಬಾಯಿಯವರು. ಕುರ್ಚಿ ಸರಿಸಿ, "ಕುಂದ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, "ನಾ ಮ್ಯಾಲಿನವರಿಗೆ ಬರದು ಬರದು ಬ್ಯಾಸರಾಗೇತಿ. ಅವರಿಂದ ಉತ್ತರ ಬರೂದಿಲ್ಲವಾ. ನಾನಽ ಸಹಿ ಮಾಡತೀನಿ. ಕೇಳಿದ್ರ ಕೇಳಲಿ, ಮುಂದಿನ ವರ್ಷ ನಾ ಹೆಂಗೂ ನಿವೃತ್ತಿ ಆಗಾಕಿ."

ನಿನ್ನೆ ಕಾಗದ ಕೊಟ್ಟರು. ನನ್ನ ಎಂ.ಎ. ಮುಗಿಯುವ ತನಕ ಆರನೆಯ ಖೋಲಿ ನನ್ನದು. ಕಚೇರಿಯಿಂದ ಹೊರಟ ಜಾವಕ ನಂಬರು ಇದೆ, ಶಿಕ್ಕಾ ಇದೆ. ನೋಡಿಯೇ ತೆಗೆದುಕೊಂಡೆ. ಸಂತೋಷವಾಯಿತು ಎಂದು ಬರೆಯಬೇಕು, ಆದರೆ ಒಂದು ವರ್ಷ ಪೂರಾ ಹೋಯಿತು ಎಂಬುದೇ ಮೊದಲು ಮನಸ್ಸಿಗೆ ಬಂತು. ಅವ್ವನಿಗೆ ಓದಿ ತೋರಿಸಿದೆ. "ಮತ್ತೊಮ್ಮೆ ಓದು" ಎಂದಳು. ಮತ್ತೊಮ್ಮೆ ಓದಿದೆ.

ಈಗ ಖೋಲಿಗೆ ಕೀಲಿ ಹಾಕಿ ಬರಬಹುದು. ಜೂನ್ ಒಂದಕ್ಕೆ ಬೆಳಗಿನ ಬಸ್ಸಿಗೆ ಹೊರಡುತ್ತೇವೆ, ಮಧ್ಯಾಹ್ನ ಜತ್ತ ಮುಟ್ಟುತ್ತದೆ. ರೇವಪ್ಪನನ್ನು ಕಳಿಸುತ್ತೇನೆ, ಕೆಲಸವಿದೆ ಎಂದೆಲ್ಲ ಬರೆಯಬೇಡ. ಭಾನುವಾರ, ಕಚೇರಿ ಇರುವುದಿಲ್ಲ. ಅವ್ವನಿಗೆ ಈಗ ವಯಸ್ಸಾಯಿತು, ನನ್ನನ್ನು ಎತ್ತಲು ಆಗುವುದಿಲ್ಲ. ಕಂಡಕ್ಟರನ ಕೈಯಲ್ಲಿ ಇಳಿಯಲು ನನಗೆ ಮನಸ್ಸಿಲ್ಲ. ಸ್ಟ್ಯಾಂಡಿಗೆ ನೀನೇ ಬಂದು ನನ್ನನ್ನು ಇಳಿಸಿಕೋ.

ನಿನ್ನ ತಂಗಿ
ಗುರವ್ವ